ಅಮ್ಮನ ಬಲಗಣ್ಣು

ಅಮ್ಮ ಲೋಟದೊಳಕ್ಕೆ ಬೆರಳು ಇಳಿಬಿಟ್ಟುಕೊಂಡು ಟೀ ಬಗ್ಗಿಸುವುದನ್ನು ಮಗಳು ನೋಡಿದ್ದು ಒಂದು ಭಾನುವಾರ ಬೆಳಿಗ್ಗೆ. ಟೀ ಬೆರಳ ತುದಿಗೆ ತಾಗಿತು, ಅಮ್ಮ ಪಾತ್ರೆ ಎತ್ತಿದಳು, ಬೆರಳನ್ನು ಒರೆಸುಬಟ್ಟೆಗೆ ಒರೆಸಿಕೊಂಡು ಏನೂ ಆಗದವಳಂತೆ ಲೋಟವನ್ನು ಮುಂದಕ್ಕೆ ತಳ್ಳಿದಳು.

"ಏನಮ್ಮಾ ಇದು, ಬೆರಳು ಅದ್ದಿ ಟೀ ಕೊಡ್ತೀಯಾ?"

"ನನ್ನ ಬೆರಳೇ ತಾನೇ? ನೀನು ಚಿಕ್ಕವಳಿದ್ದಾಗ ಇದೇ ಬೆರಳು ಚೀಪ್ತಾ ನಿದ್ದೆ ಮಾಡ್ತಿದ್ದೆ. ಆಗಿಲ್ಲದ ಮಡಿ ಈಗ ಬಂತಾ?"

ಮಗಳು ನಗಲು ಹೋಗಿ, ಕೆಂಪಾದ ಆ ಬೆರಳ ತುದಿಯನ್ನು ನೋಡಿದಳು. ಲೋಟ ತುಂಬಿದ್ದು ಕಣ್ಣಿಗೆ ಕಾಣುವವರು ಯಾರೂ ಬಿಸಿ ಟೀಯಲ್ಲಿ ಬೆರಳು ಸುಟ್ಟುಕೊಳ್ಳುವುದಿಲ್ಲ. ಬೇರೆ ಯಾವ ಮಗಳಾದರೂ ವಯಸ್ಸಾಯಿತು, ಕನ್ನಡಕದ ನಂಬರು ಬದಲಾಗಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದಳು. ಇವಳಿಗೆ ಆ ಭಾಗ್ಯ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಸಾಲಿನಲ್ಲಿ ಅವಳು ಎಂಟು ತಿಂಗಳಿಂದ ನಿಂತಿದ್ದಳು. ಅಮ್ಮನ ಕಣ್ಣಿಗೆ ಏನಾದರೂ ಆದರೆ ಅದು ಯಾರ ಕೈಯಿಂದ ಆದದ್ದು ಎಂದು ಅವಳಿಗೆ ಗೊತ್ತಿತ್ತು.

ಅಮ್ಮ ಹುಟ್ಟುವಾಗಲೇ ಎರಡೂ ಕಣ್ಣಿನಲ್ಲಿ ಪೊರೆ ಹೊತ್ತು ಬಂದವಳು. ಎಳೆ ವಯಸ್ಸಿನಲ್ಲೇ ಡಾಕ್ಟರು ಕಣ್ಣೊಳಗಿನ ಮಸೂರವನ್ನೇ ತೆಗೆದುಹಾಕಿದ್ದರು. ಅದರ ಜಾಗಕ್ಕೆ ಬೇರೆ ಮಸೂರ ಇಡುವ ಕಾಲ ಅದಲ್ಲ, ಮೂಗಿನ ಮೇಲೆ ಸೋಡಾಬುಡ್ಡಿ ಕನ್ನಡಕ ಬಂದು ಕೂತಿತು. ಎಡಗಣ್ಣು ಅಷ್ಟಾದರೂ ಕೆಲಸ ಕಲಿಯಲಿಲ್ಲ. ಮಂಜು ಮಂಜಾಗಿ ನೋಡಿಕೊಂಡು ಸುಮ್ಮನಿದ್ದುಬಿಟ್ಟಿತು. ಅಮ್ಮ ಅದನ್ನು ಸೋಮಾರಿ ಎಂದು ಕರೆಯುತ್ತಿದ್ದಳು. "ಮನೇಲಿ ಒಬ್ಬರು ದುಡಿದ್ರೆ ಇನ್ನೊಬ್ಬರು ಕೂತು ತಿಂತಾರೆ, ಹಾಗೇ ಇದು" ಎನ್ನುತ್ತಿದ್ದಳು. ದುಡಿದದ್ದು ಬಲಗಣ್ಣು. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು, ಊರಿನವರ ಅಂಗಿಗಳಿಗೆ ಕಾಜಾ ತೆಗೆದು ಗುಂಡಿ ಹಾಕಿ, ಮಗಳನ್ನು ಒಬ್ಬಳೇ ಓದಿಸಿದ್ದು ಆ ಒಂದೇ ಕಣ್ಣು.

ಓದಿದ ಮಗಳು ಅಣುಗಳನ್ನು ಕಟ್ಟುವ ಕೆಲಸಕ್ಕೆ ಸೇರಿದಳು. ಊರಾಚೆಯ ಸಂಶೋಧನಾಲಯವೊಂದರ ಮೂರನೇ ಮಹಡಿ, ಗಾಳಿ ಎಳೆಯುವ ಗಾಜಿನ ಕಪಾಟುಗಳು, ಕಪ್ಪಿಟ್ಟ ಬುರುಡೆ ಬಾಟಲಿಗಳು, ಸದಾ ಗುಂಯ್‌ಗುಡುವ ಪಂಪು. ಅಲ್ಲಿ ಅವಳು ಇಂಗಾಲದ ಉಂಗುರಗಳನ್ನು ಜೋಡಿಸಿ ಹೊಸ ಅಣು ಮಾಡುತ್ತಿದ್ದಳು. ಅದನ್ನು ಬೆಂಕಿಪೊಟ್ಟಣದಷ್ಟಗಲದ ಗಾಜಿನ ಮೇಲೆ ತೆಳ್ಳಗೆ ಬಳಿದು, ಎರಡು ತಂತಿ ಕೊಟ್ಟು ವಿದ್ಯುತ್ತು ಹಾಯಿಸಿದರೆ ಗಾಜು ತಾನೇ ಬೆಳಗಬೇಕು. ಬರೇ ಬೆಳಗಿದರೆ ಸಾಲದು, ನೇರಳೆಯ ಆಚೆ ಬದಿಯ ಬೆಳಕು ಬರಬೇಕು. ಶಾಯಿ ಒಣಗಿಸಲು, ಅಂಟು ಗಟ್ಟಿಮಾಡಲು, ಕಳ್ಳನೋಟು ಹಿಡಿಯಲು ಬೇಕಾಗುವ ಬೆಳಕು ಅದು. ಉದ್ದ ಹಗ್ಗದ ಉಯ್ಯಾಲೆ ನಿಧಾನ, ಗಿಡ್ಡ ಹಗ್ಗದ್ದು ಚುರುಕು. ಅಣುವಿನ ಲೆಕ್ಕವೂ ಸುಮಾರು ಹಾಗೆಯೇ. ಉಂಗುರಗಳು ಚಪ್ಪಟೆಯಾಗಿ ಸಾಲಾಗಿ ಕೂತರೆ ಹಗ್ಗ ಉದ್ದವಾಗಿ ಬೆಳಕು ನೀಲಿಗೆ ಇಳಿದುಬಿಡುತ್ತದೆ. ನಡುವೆ ಒಂದು ತಿರುವು ಕೊಟ್ಟು ಒಂದಕ್ಕೊಂದು ಮುಖ ತಿರುಗಿಸಿ ಕೂರಿಸಿದರೆ ಹಗ್ಗ ಗಿಡ್ಡವಾಗಿ ನೇರಳೆಯ ಆಚೆಗೆ ಹತ್ತುತ್ತದೆ. ತಿರುವು ಹೆಚ್ಚಾದರೆ ಅಣು ಬೆಳಗುವುದನ್ನೇ ಬಿಟ್ಟು ಮೈ ಬಿಸಿಮಾಡಿಕೊಂಡು ಕೂರುತ್ತದೆ. ಎಷ್ಟು ತಿರುಗಿಸಬೇಕು ಎನ್ನುವುದರಲ್ಲೇ ಅವಳ ಆಯುಸ್ಸು ಕಳೆಯುತ್ತಿತ್ತು.

ಆ ಬೆಳಕನ್ನು ಅಳೆಯುವ ಯಂತ್ರ ಪಕ್ಕದ ಕಟ್ಟಡದಲ್ಲಿತ್ತು, ಆರು ವಿಭಾಗಕ್ಕೆ ಒಂದೇ ಯಂತ್ರ. ಇವಳ ಸರದಿ ಬರುವುದು ತಿಂಗಳಿಗೊಮ್ಮೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ, ಕಣ್ಣೊಳಗಿನ ಮಸೂರವೇ ಪರದೆಯ ಹಾಗೆ ಆ ಬೆಳಕನ್ನು ತಡೆದು ನಿಲ್ಲಿಸುತ್ತದೆ.

ಮಸೂರವೇ ಇಲ್ಲದವಳು ಅವಳ ಮನೆಯಲ್ಲಿದ್ದಳು.

ಅದು ಗೊತ್ತಾದದ್ದು ಅಕಸ್ಮಾತ್ತಾಗಿ. ಎಂಟು ತಿಂಗಳ ಹಿಂದೆ ಒಂದು ಸಂಜೆ, ಸತ್ತಿದೆ ಎಂದುಕೊಂಡ ಒಂದು ಗಾಜನ್ನು ಬ್ಯಾಟರಿ ಡಬ್ಬಿಯ ಸಮೇತ ಮೇಜಿನ ಮೇಲಿಟ್ಟು ತಲೆ ಮೇಲೆ ಕೈಹೊತ್ತು ಕೂತಿದ್ದಳು. ಅಮ್ಮ ಮುಖ ತೊಳೆದುಕೊಂಡು ಕನ್ನಡಕ ಹುಡುಕುತ್ತಾ ಬಂದವಳು ಅಲ್ಲೇ ನಿಂತಳು. "ಏನೇ ಇದು! ಹಾಲಿಗೆ ನೇರಳೆ ಬಣ್ಣ ಕದಡಿದ ಹಾಗಿದೆ. ಇಂಥ ಬಣ್ಣ ನಾನು ಯಾವ ಬಟ್ಟೇಲೂ ನೋಡಿಲ್ಲ" ಎಂದಳು. ಕನ್ನಡಕ ಹಾಕಿಕೊಂಡರೆ ಮಂಕಾಯಿತು, ತೆಗೆದರೆ ಮತ್ತೆ ಬಂತು. ಮಗಳು ನೋಡಿದರೆ ಬರೇ ಗಾಜು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಮದ್ದು ಅಡುಗೆಮನೆಯಲ್ಲೇ ಸೌಟು ಹಿಡಿದು ನಿಂತಿತ್ತು. ಅಂದಿನಿಂದ ವಾರಕ್ಕೆ ಹತ್ತು ಗಾಜು, ಹೊಸ ಅಣುವಿನ ಜೊತೆ ಹಳೆಯವೂ ಸೇರಿ, ಮನೆಗೆ ಬರತೊಡಗಿದವು. ಅಮ್ಮ ಕನ್ನಡಕ ತೆಗೆಯುವಳು, ಸೋಮಾರಿ ಎಡಗಣ್ಣನ್ನು ಅಂಗೈಯಿಂದ ಮುಚ್ಚುವಳು, ಗಾಜನ್ನು ಬಲಗಣ್ಣಿನ ಹತ್ತಿರ, ತೀರಾ ಹತ್ತಿರ, ಹಿಡಿದು ಹೇಳುವಳು: ಇದು ಜೋರು, ಇದು ಮಂಕು, ಇದು ಸತ್ತಿದೆ. ಅಮ್ಮ ಜೋರು ಎಂದದ್ದನ್ನೇ ಮಗಳು ಯಂತ್ರಕ್ಕೆ ಕೊಟ್ಟಳು. ಹನ್ನೆರಡನೇ ಅಣು ಗೆದ್ದಿತು, ಹತ್ತೊಂಬತ್ತನೆಯದು ಅದಕ್ಕಿಂತ ಚೆನ್ನಾಗಿ ಗೆದ್ದಿತು. ಜೊತೆಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಇವಳ ಕೈಗುಣ ದೊಡ್ಡದು ಎಂದರು. ಕೈಗುಣವಲ್ಲ, ಅಮ್ಮನ ಕಣ್ಣು ಎಂದು ಇವಳು ಬಾಯಿ ಬಿಡಲಿಲ್ಲ.

ಬಿಡದಿರಲು ಕಾರಣ ಇತ್ತು. ಪ್ರಯೋಗಾಲಯದ ಬಾಗಿಲಿನ ಮೇಲೆ ದಪ್ಪ ಅಕ್ಷರದಲ್ಲಿ, ಕಣ್ಣಿಗೆ ರಕ್ಷಣೆಯಿಲ್ಲದೆ ಒಳಗೆ ಬರಬಾರದು ಎಂದು ಬರೆದಿತ್ತು. ಆ ಗಾಜುಗಳ ಮುಂದೆ ಇವಳು ಹಳದಿ ಕನ್ನಡಕ ಹಾಕಿಕೊಂಡೇ ಕೂರುತ್ತಿದ್ದಳು. ತನಗೆ ಕನ್ನಡಕ, ಅಮ್ಮನಿಗೆ ಬರಿಗಣ್ಣು! ಅಮ್ಮನಿಗೂ ಹಾಕಿದರೆ ಬೆಳಕು ಕಾಣುವುದಿಲ್ಲವಲ್ಲ. ಹತ್ತು ಎಣಿಸುವಷ್ಟು ಹೊತ್ತು ತಾನೇ, ಅಷ್ಟಕ್ಕೆ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಓದಿದವರು ತಮಗೆ ತಾವೇ ಹೇಳಿಕೊಳ್ಳುವ ಸುಳ್ಳಿಗೆ ಲೆಕ್ಕದ ಬೆಂಬಲವೂ ಇರುತ್ತದೆ, ಅದೇ ಅವರ ದೌರ್ಭಾಗ್ಯ.

ಆ ಭಾನುವಾರವಿಡೀ ಅವಳು ಅಮ್ಮನನ್ನು ಕಳ್ಳಗಣ್ಣಿನಿಂದ ನೋಡಿದಳು. ಅಮ್ಮ ಮೆಟ್ಟಿಲಿಳಿಯುವಾಗ ಪಾದದಿಂದ ಅಂಚು ತಡವುತ್ತಿದ್ದಳು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ನಕ್ಕರೆ ಸುಮ್ಮನಿದ್ದು, ಮಾತಾಡಿದ ಮೇಲೆ "ಓ, ನೀನಾ" ಎಂದಳು. ಸೂಜಿಗೆ ದಾರ ಪೋಣಿಸುವಾಗ ಮುಖವನ್ನು ಸ್ವಲ್ಪ ಓರೆ ಮಾಡಿ, ಸೂಜಿಯನ್ನು ಬಿಟ್ಟು ಪಕ್ಕದ ಗೋಡೆಯನ್ನು ನೋಡುತ್ತಿದ್ದಳು.

"ಅಮ್ಮಾ, ಕಣ್ಣು ಸರಿಯಾಗಿ ಕಾಣ್ತಿದೆಯಾ?"

"ಕಾಣದೇ ಏನು? ಹೋದ ವಾರ ನಿನ್ನ ಹತ್ತೂ ಗಾಜು ನೋಡಿ ಹೇಳ್ಲಿಲ್ವಾ? ನಲವತ್ತೊಂದನೇದು ಜೋರು ಅಂತ ಹೇಳಿದವಳು ಯಾರು?"

ಇದು ಗಟ್ಟಿ ಸಾಕ್ಷಿ. ಬೆಳಕು ಕಾಣದವಳು ಹತ್ತರಲ್ಲಿ ಒಂದನ್ನು ಹೇಗೆ ಆರಿಸುತ್ತಾಳೆ? ಮಗಳು ಆ ಮಾತನ್ನೇ ಹಿಡಿದುಕೊಂಡು, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದ ಹಾಗೆ, ಸೋಮವಾರ ಕೆಲಸಕ್ಕೆ ಹೋದಳು.

ಹನ್ನೊಂದು ಗಂಟೆಗೆ ಮುಖ್ಯಸ್ಥರು ಕರೆಸಿದರು. ಮಾತಿಗೊಮ್ಮೆ ಗೋಡೆಯ ಗಡಿಯಾರ ನೋಡುವ ಅವರಿಗೆ ಎಲ್ಲರೂ ಇಟ್ಟ ಹೆಸರೇ ಗಡಿಯಾರ. ಗಡಿಯಾರದ ಮೇಜಿನ ಮೇಲೆ ಯಂತ್ರದಿಂದ ಬಂದ ಹಾಳೆಯಿತ್ತು. ಬೆಟ್ಟದ ಹಾಗೆ ಏಳಬೇಕಾದ ಗೆರೆ ನೆಲ ಕಚ್ಚಿ ಮಲಗಿತ್ತು.

"ಏನಮ್ಮ, ನಿಮ್ಮ ನಲವತ್ತೊಂದು ಬೆಳಗೋದೇ ಇಲ್ಲವಲ್ಲ. ಹೋದ ತಿಂಗಳಿನ ಮೂವತ್ತಾರರದೂ ಇದೇ ಕಥೆ. ಕೊಟ್ಟ ವಿದ್ಯುತ್ತೆಲ್ಲ ಬಿಸಿಯಾಗಿ ಹೋಗ್ತಿದೆ. ಬೆಳಕು ಕೇಳಿದ್ರೆ ಇಸ್ತ್ರಿಪೆಟ್ಟಿಗೆ ಮಾಡಿಕೊಟ್ಟಿದ್ದೀರಿ." ಗೋಡೆ ನೋಡಿದರು. "ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ತೀನಿ. ಆದ್ರೆ ಇದನ್ನ ಯಾವ ನಂಬಿಕೆ ಮೇಲೆ ಆರಿಸಿದ್ರಿ? ಬ್ಲಾಂಕ್ ಇಟ್ಟಿದ್ರಾ?"

ಬ್ಲಾಂಕ್ ಎಂದರೆ ಖಾಲಿ ಮಾದರಿ. ಏನೂ ಬಳಿಯದ ಗಾಜನ್ನು ಉಳಿದವುಗಳ ಜೊತೆ ಸೇರಿಸಿ ಅಳೆಯುವುದು. ಏನೂ ಇಲ್ಲದ ಕಡೆ ಅಳತೆಗೋಲು ಏನೂ ಇಲ್ಲ ಎನ್ನಬೇಕು. ಅಲ್ಲೂ ಇದೆ ಎಂದರೆ ಅಳತೆಗೋಲೇ ಸುಳ್ಳು. ಆ ಕಸುಬಿಗೆ ಬಂದ ಮೊದಲ ದಿನ ಕಲಿಸುವ ಪಾಠ ಅದು. ಎಂಟು ತಿಂಗಳಲ್ಲಿ ಒಂದೇ ಒಂದು ಸಲವೂ ಅವಳು ಅಮ್ಮನ ಕೈಗೆ ಖಾಲಿ ಗಾಜು ಕೊಟ್ಟಿರಲಿಲ್ಲ. ಅಮ್ಮನನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಆದರೆ ಅವಳ ಕಿವಿಯಲ್ಲಿ ನಿಂತದ್ದು ಬ್ಲಾಂಕ್ ಅಲ್ಲ, ಇಸ್ತ್ರಿಪೆಟ್ಟಿಗೆ. ಬೆಳಗದ ಅಣು ಬಿಸಿಯಾಗುತ್ತದೆ. ಹತ್ತರಲ್ಲಿ ಹೆಚ್ಚು ಬಿಸಿಯಾದದ್ದು ಯಾವುದೋ ಅದೇ ಎಲ್ಲಕ್ಕಿಂತ ಸತ್ತದ್ದು. ಅಮ್ಮ ಆರಿಸಿದ್ದು ಅದನ್ನೇ. ಟೀ ಲೋಟದೊಳಗಿನ ಬೆರಳು ಅವಳ ಕಣ್ಣ ಮುಂದೆ ಬಂತು. ಅಮ್ಮ ಗಾಜನ್ನು ನೋಡಿ ಅಲ್ಲ, ಮುಟ್ಟಿ ಹೇಳುತ್ತಿದ್ದಿರಬೇಕು. ಗಡಿಯಾರ ಇನ್ನೂ ಏನೋ ಹೇಳುತ್ತಿದ್ದಂತೆಯೇ ಅವಳು ಎದ್ದು, ತನ್ನ ಮೇಜಿನಿಂದ ಎರಡು ಗಾಜು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟಳು.

ಬಸ್ಸಿನಲ್ಲಿ ಕೂತು ಅವಳು ತಾನು ತಪ್ಪು ತಿಳಿದಿರಲಿ ಎಂದು ಬೇಡಿಕೊಂಡಳು. ಅಣು ಹಾಳಾಗಲಿ, ಮೂವತ್ತಾರು ನಲವತ್ತೊಂದು ಎರಡೂ ಹಾಳಾಗಲಿ, ಕೆಲಸವೇ ಹೋಗಲಿ, ಅಮ್ಮನಿಗೆ ಗಾಜು ಕಾಣುತ್ತಿರಲಿ.

ಮನೆಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು.

"ಇಷ್ಟು ಬೇಗ? ಗಡಿಯಾರ ನಿಂತುಹೋಯ್ತಾ?" ಎಂದು ಅಮ್ಮ ತಮಾಷೆ ಮಾಡಿದಳು.

"ಇಲ್ಲಮ್ಮ. ಎರಡು ಗಾಜು ತಂದಿದ್ದೀನಿ, ನೋಡ್ತೀಯಾ?"

ಅಮ್ಮನ ಮುಖ ಅರಳಿತು. ಮಗಳು ಅಡುಗೆಮನೆಗೆ ಹೋಗಿ ನೀರು ಕಾಯಿಸಿ ಲೋಟಕ್ಕೆ ಹಾಕಿದಳು. ಚೀಲದಿಂದ ಏನೂ ಬಳಿಯದ ಗಾಜೊಂದನ್ನು ತೆಗೆದು ಲೋಟದ ಮೈಗೆ ಒತ್ತಿ ಹಿಡಿದಳು. ಅದಕ್ಕೆ ಡಬ್ಬಿ ಸಿಕ್ಕಿಸಿದಳು, ಡಬ್ಬಿಯಿಂದ ಬ್ಯಾಟರಿಯನ್ನು ಮಾತ್ರ ತೆಗೆದಿಟ್ಟಳು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಲೋಕ ಬೈಯುತ್ತದೆ. ಹೆತ್ತ ತಾಯಿಯನ್ನು ತಳ್ಳಿ ಆಳ ನೋಡಿದವಳಿಗೆ ಏನೆನ್ನಬೇಕೋ ಅವಳಿಗೆ ತಿಳಿಯಲಿಲ್ಲ.

ಅಮ್ಮ ಕನ್ನಡಕ ತೆಗೆದಳು. ಎಡಗಣ್ಣು ಮುಚ್ಚಿದಳು. ಗಾಜನ್ನು ಬಲಗಣ್ಣಿಗೆ ಹಿಡಿದಳು. ಹೆಬ್ಬೆರಳು ಗಾಜಿನ ಬೆನ್ನನ್ನು ಮೆಲ್ಲಗೆ ಸವರಿತು. ಮೂವತ್ತು ವರ್ಷ ಬಟ್ಟೆಯ ನೇಯ್ಗೆಯನ್ನು ಮುಟ್ಟಿ ತಿಳಿದ ಬೆರಳು.

ಕಾಣಲ್ಲ ಅನ್ನು, ಸತ್ತಿದೆ ಅನ್ನು, ಎಂದು ಮಗಳು ಮನಸ್ಸಿನಲ್ಲೇ ಕೂಗಿದಳು.

"ಅಬ್ಬಾ!" ಎಂದಳು ಅಮ್ಮ. "ಇದು ಎಲ್ಲದಕ್ಕಿಂತ ಜೋರು ಕಣೇ. ಗೆದ್ದೆ ನೀನು."

ಮಗಳು ಎರಡನೆಯದನ್ನು ಕೊಟ್ಟಳು. ಅದು ಹತ್ತೊಂಬತ್ತು, ಯಂತ್ರವೇ ಒಪ್ಪಿದ ಅಣು, ಹೊಸ ಬ್ಯಾಟರಿ. ಐದು ತಿಂಗಳ ಹಿಂದೆ ಅಮ್ಮ ಇದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಬೆಳಗುವ ಗಾಜು, ಆದ್ದರಿಂದ ತಣ್ಣಗಿತ್ತು. ಒಂದೇ ಗಳಿಗೆ, ಇದೊಂದೇ ಸಲ ಎಂದುಕೊಂಡು ಕೊಟ್ಟಳು.

"ಇದು ಸತ್ತಿದೆ, ಬಿಸಾಕು" ಎಂದಳು ಅಮ್ಮ. ಆಮೇಲೆ ಕನ್ನಡಕ ಹುಡುಕುತ್ತಾ, "ಸರಿಯಾಗಿ ಹೇಳಿದ್ನಾ?" ಎಂದು ಕೇಳಿದಳು.

ಮಗಳು ಅಮ್ಮನ ಕೈಯಿಂದ ಗಾಜು ಕಿತ್ತುಕೊಂಡಳು. ಬ್ಯಾಟರಿ ಕಿತ್ತು ಎಸೆದಳು. ಅದು ಉರುಳಿ ಕಪಾಟಿನ ಅಡಿಗೆ ಹೋಯಿತು. ಆಮೇಲೆ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಅಮ್ಮನಿಗೆ ಎಲ್ಲ ಅರ್ಥವಾಗಿಹೋಯಿತು. ಸಿಕ್ಕಿಬಿದ್ದ ಮಗುವಿನ ಹಾಗೆ ಅವಳೂ ದನಿ ತಗ್ಗಿಸಿದಳು.

"ನಡುವೆ ಒಂದು ಮಬ್ಬು ಬಂದಿದೆ ಕಣೇ, ಹೆಬ್ಬೆಟ್ಟಿನಷ್ಟು. ಎಲ್ಲಿ ನೋಡಿದ್ರೂ ಅಲ್ಲೇ ಬಂದು ಕೂರುತ್ತೆ. ಸುತ್ತ ಕಾಣುತ್ತೆ. ಎರಡು ತಿಂಗಳಾಯ್ತೇನೋ."

"ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಗಾಜು ತರೋದು ನಿಲ್ಲಿಸ್ತಿದ್ದೆ. ನಿನ್ನ ಓದು ನನಗೆ ಯಾವತ್ತು ಅರ್ಥ ಆಗಿತ್ತು? ಇದೊಂದು ಕೆಲಸದಲ್ಲಿ ನಾನು ನಿನಗೆ ಬೇಕಾಗಿದ್ದೆ." ಅಮ್ಮ ಮಗಳ ಕೂದಲು ಸವರಿದಳು. "ಅಷ್ಟೇ ಅಲ್ಲ. ನೀನು ಮೇಜಿನ ಮೇಲೆ ಬಿಟ್ಟು ಹೋಗ್ತಿದ್ಯಲ್ಲ ಆ ಹತ್ತೊಂಬತ್ತು, ಹನ್ನೆರಡು. ಮಧ್ಯಾಹ್ನ ಹೊತ್ತು ಹೋಗ್ದಿದ್ದಾಗ ಹಚ್ಚಿಕೊಂಡು, ಸೋಮಾರಿನ ಮುಚ್ಚಿಕೊಂಡು ನೋಡ್ತಾ ಕೂತಿರ್ತಿದ್ದೆ, ದಿನಾ. ಲೋಕದಲ್ಲಿ ಯಾರಿಗೂ ಕಾಣದ ಬೆಳಕು ನನಗೊಬ್ಬಳಿಗೆ ಕಾಣುತ್ತೆ ಅಂದ್ರೆ ಬಿಡೋಕೆ ಮನಸ್ಸು ಬರುತ್ತಾ?"

ಹತ್ತು ಎಣಿಸುವಷ್ಟು ಹೊತ್ತು ಎಂದು ಮಗಳು ಹಾಕಿದ್ದ ಲೆಕ್ಕ ಅಲ್ಲಿಗೆ ಮುಗಿಯಿತು. ಡಬ್ಬಿಯ ಬ್ಯಾಟರಿ ಪದೇ ಪದೇ ಯಾಕೆ ಮುಗಿಯುತ್ತದೆ ಎಂದು ಒಂದು ದಿನವೂ ಕೇಳಿಕೊಳ್ಳದ ವಿಜ್ಞಾನಿ ಅವಳು. ಕೆಟ್ಟ ಮೇಲೆ ಬುದ್ಧಿ ಬಂತು.

ಮರುದಿನ ಬೆಳಿಗ್ಗೆ ಇಬ್ಬರೂ ಕಣ್ಣಾಸ್ಪತ್ರೆಯ ಬೆಂಚಿನ ಮೇಲಿದ್ದರು. ನರ್ಸ್ ಬಂದು ಅಮ್ಮನ ಎರಡೂ ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡಿರಿ ಎಂದು ಹೋದಳು. ಗೋಡೆಯ ಮೇಲೆ ಕಣ್ಣಿನ ಚಿತ್ರವಿತ್ತು, ಸೀಳಿದ ಹಣ್ಣಿನ ಹಾಗೆ. ಮಗಳು ಅದನ್ನು ನೋಡಲಾರದೆ ನೆಲ ನೋಡಿದಳು.

ವಯಸ್ಸಿಗೂ ಹೀಗಾಗುತ್ತದೆ. ರಾತ್ರಿಯೆಲ್ಲ ಅವಳು ಓದಿದ್ದು ಅದನ್ನೇ. ಅರವತ್ತು ದಾಟಿದವರಿಗೆ ಕಣ್ಣಿನ ಹಿಂಪರದೆಯ ನಡುಭಾಗ ತಾನಾಗಿಯೇ ಸವೆಯಬಹುದು, ಯಾರ ತಪ್ಪೂ ಇಲ್ಲದೆ. ಹಾಗಿದ್ದರೆ ಎಷ್ಟು ಚೆನ್ನ ಎಂದುಕೊಂಡಳು, ಅಮ್ಮನ ಕಣ್ಣು ಹೋದರೂ ಚೆನ್ನ ಎನ್ನುವ ಹಾಗೆ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆ ಹೇಸಿಗೆಯಾಯಿತು.

ಆಗ ಅವಳಿಗೆ ಹೊಳೆಯಿತು. ಅಮ್ಮ ಪ್ರತಿ ಸಲವೂ ಎಡಗಣ್ಣನ್ನು ಮುಚ್ಚಿಕೊಳ್ಳುತ್ತಿದ್ದಳು. ಅದೇ ವಯಸ್ಸು, ಅದೇ ರಕ್ತ, ಮಸೂರ ಅದಕ್ಕೂ ಇಲ್ಲ. ಆ ಬೆಳಕೊಂದನ್ನು ಮಾತ್ರ ಅದು ಕಂಡಿಲ್ಲ. ತಾನು ಇಡಲು ಮರೆತ ಬ್ಲಾಂಕ್ ಅಮ್ಮನ ಮುಖದಲ್ಲೇ ಇತ್ತು. ಎಡಗಣ್ಣೂ ಸವೆದಿದ್ದರೆ ಅದು ವಯಸ್ಸು. ಎಡಗಣ್ಣು ಚೆನ್ನಾಗಿದ್ದರೆ ಅದು ತಾನು. ಅಮ್ಮನ ಎಡಗಣ್ಣು ಚೆನ್ನಾಗಿರಲಿ ಎಂದು ಬೇಡಿಕೊಳ್ಳಲು ಹೋಗಿ ಅವಳ ತುಟಿ ಅಲ್ಲೇ ನಿಂತಿತು. ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಅವಳು ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೋಯುತ್ತೆ ಬಿಡೇ" ಎಂದಳು ಅಮ್ಮ.

ಒಳಗೆ ಡಾಕ್ಟರು, ಕೂದಲು ನೆರೆತ ಹೆಂಗಸು, ಅಮ್ಮನ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ ಬಲಗಣ್ಣನ್ನು ತುಂಬಾ ಹೊತ್ತು ನೋಡಿದರು.

"ಅಮ್ಮಾ, ನೀವು ಬೆಸುಗೆ ಹಾಕೋ ಕಡೆ ಏನಾದ್ರೂ ಕೆಲಸ ಮಾಡ್ತಿದ್ರಾ? ಬರಿಗಣ್ಣಲ್ಲಿ ಸೂರ್ಯನನ್ನ ನೋಡಿದ್ದು ಗೀಡಿದ್ದು ಇದೆಯಾ?"

"ಇಲ್ಲಮ್ಮ, ನಾನು ಬಟ್ಟೆ ಹೊಲಿಯೋಳು" ಎಂದಳು ಅಮ್ಮ ಥಟ್ಟನೆ. ಮೇಜಿನಡಿಯಲ್ಲಿ ಅವಳ ಕಾಲು ಮಗಳ ಕಾಲನ್ನು ಒತ್ತಿತು, ಸುಮ್ಮನಿರು ಎಂದು.

"ನಾನು ತೋರಿಸಿದ್ದು, ಡಾಕ್ಟ್ರೇ" ಎಂದಳು ಮಗಳು. ದನಿ ತನ್ನದಲ್ಲ ಎನಿಸಿತು. ಗಾಜು, ಬೆಳಕು, ಎಂಟು ತಿಂಗಳು, ಎಲ್ಲ ಹೇಳಿದಳು. ಡಾಕ್ಟರು ಯಂತ್ರವನ್ನು ಎಡಗಣ್ಣಿಗೆ ಸರಿಸಿದರು. ಗೋಡೆಯ ಗಡಿಯಾರ ಟಿಕ್‌ಟಿಕ್ ಎನ್ನುತ್ತಿತ್ತು.

"ಬಲಗಣ್ಣಿನ ನಡುವೆ ಸುಟ್ಟ ಗಾಯ ಇದೆ. ಅದು ವಾಪಸ್ ಬರಲ್ಲ" ಎಂದರು ಡಾಕ್ಟರು ಕೊನೆಗೆ, ಇನ್ನೂ ಕಣ್ಣು ಯಂತ್ರಕ್ಕೇ ಇಟ್ಟು. "ಎಡಗಣ್ಣಿನ ಪರದೆ ಪೂರ್ತಿ ಚೆನ್ನಾಗಿದೆ. ಅದೊಂದು ಅದೃಷ್ಟ. ನೋಡೋದು ಕಲೀದೇ ಇರೋ ಕಣ್ಣು, ಆದ್ರೂ ಅಭ್ಯಾಸ ಮಾಡಿಸಿದ್ರೆ ಸ್ವಲ್ಪಮಟ್ಟಿಗೆ ಕೆಲಸಕ್ಕೆ ಬರಬಹುದು."

ಅದೃಷ್ಟ ಎಂದರಲ್ಲ ಡಾಕ್ಟರು, ಆ ಮಾತೇ ಮಗಳಿಗೆ ತೀರ್ಪು.

ಹೊರಗೆ ಬಂದಾಗ ಬಿಸಿಲಿತ್ತು. ಹನಿ ಹಾಕಿದ ಕಣ್ಣಿಗೆ ಬಿಸಿಲು ತಡೆಯದೆ ಅಮ್ಮ ಮಗಳ ತೋಳು ಹಿಡಿದು ತಲೆ ತಗ್ಗಿಸಿ ನಡೆದಳು. ಮಗಳು ಅಳುತ್ತಿದ್ದಾಳೆಂದು ತೋಳಿನ ನಡುಕದಿಂದಲೇ ಅವಳಿಗೆ ಗೊತ್ತಾಗಿರಬೇಕು. ಮೆಟ್ಟಿಲ ಹತ್ತಿರ ನಿಂತು, ಪಾದದಿಂದ ಅಂಚು ತಡವಿ ನೋಡಿ, ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು:

"ಅಳಬೇಡ್ವೇ. ಸೋಮಾರಿ ಚೆನ್ನಾಗಿದ್ದಾನೆ ಅಂದ್ರಲ್ಲ. ಇನ್ಮೇಲೆ ಎಡಗಣ್ಣಲ್ಲೇ ನೋಡಿ ಹೇಳ್ತೀನಿ. ನಾಳೆ ಎಷ್ಟು ಗಾಜು ತರ್ತೀಯ?"